.30-30 ಹಿತ್ತಾಳೆಯಲ್ಲಿ .22 ಹೈ-ಪವರ್ ಕೇಸು: ನನ್ನ ಅನುಭವ

.30-30 ರೈಫಲ್ ತೋಟಾದ ಖಾಲಿ ಕೇಸಿನಿಂದ (ಮದ್ದು, ಗುಂಡು ಹಿಡಿದಿಡುವ ಹಿತ್ತಾಳೆ ಕೊಳವೆ) .22 ಸ್ಯಾವೇಜ್ ಹೈ-ಪವರ್ ರೈಫಲ್ಲಿನ ಕೇಸು ಮಾಡೋಕಾಗಲ್ಲ, ಭುಜ (ಕೊಳವೆ ಕತ್ತಿನತ್ತ ಕಿರಿದಾಗುವ ಇಳಿಜಾರು) ಮಡಚಿಕೊಳ್ಳುತ್ತೆ ಅಂದವರೇ ಈಗ "ಒಂದು ಇಪ್ಪತ್ತು ಕೇಸು ಮಾಡಿಕೊಡ್ತೀಯಾ?" ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನಿರುವುದು ಅಮೆರಿಕದಲ್ಲಿ, ಇಲ್ಲಿ ಸ್ವಂತಕ್ಕೆ ತೋಟಾ ತುಂಬಿಕೊಳ್ಳುವುದು ಮಾಮೂಲಿ ಹವ್ಯಾಸ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಇದಕ್ಕೆ ಕೈಹಾಕುವಂತಿಲ್ಲ, ನೆನಪಿರಲಿ.

1912ರಲ್ಲಿ ತೋಟಾ ವಿನ್ಯಾಸಕ ಚಾರ್ಲ್ಸ್ ನ್ಯೂಟನ್ .25-35 ಎಂಬ ಇನ್ನೊಂದು ತೋಟಾದ ಕೇಸಿನ ಕತ್ತನ್ನು (ಗುಂಡು ಕೂರುವ ತುದಿ) ಕಿರಿದು ಮಾಡಿ ಹುಟ್ಟಿಸಿದ ತೋಟಾ ಇದು. 70 ಗ್ರೇನಿನ (ಸುಮಾರು ನಾಲ್ಕೂವರೆ ಗ್ರಾಂ) ಗುಂಡು, ವ್ಯಾಸ 0.228 ಇಂಚು. ಚೀನಾದಲ್ಲಿದ್ದ ಮಿಷನರಿ ಹ್ಯಾರಿ ಕಾಲ್ಡ್‌ವೆಲ್ ಇದರಲ್ಲಿ ಹುಲಿಯನ್ನೇ ಹೊಡೆದ. ನನಗೆ ಅಷ್ಟು ಧೈರ್ಯವಿಲ್ಲ, ಕಾಗದದ ಗುರಿಯೇ ಸಾಕು. ಯುರೋಪಿನವರು ಇದನ್ನೇ 5.6×52ಆರ್ ಹೆಸರಲ್ಲಿ ಮಾಡುತ್ತಾರೆ. ಆದರೆ ಅದು ಇಲ್ಲಿಗೆ ಬಂದಾಗ ಬಂತು, ಇಲ್ಲದಿದ್ದರೆ ಇಲ್ಲ. ಬಂದಾಗಲೂ 20 ತೋಟಾದ ಒಂದು ಡಬ್ಬಕ್ಕೆ ಕೇಳುವ ದುಡ್ಡಿನಲ್ಲಿ ನೂರು ಹಳೇ .30-30 ಕೇಸು ಕೊಂಡು ಚಿಲ್ಲರೆ ಉಳಿಸಬಹುದು. ಮೂಗಿಗಿಂತ ಮೂಗುತಿ ಭಾರ. .25-35 ಕೇಸು ಸಿಕ್ಕರೆ ಕೆಲಸ ಸುಲಭ, ಆದರೆ ಅದೂ ಹೆಚ್ಚುಕಡಿಮೆ ಅಷ್ಟೇ ಅಪರೂಪ.

ಮೂರಕ್ಕೂ ತಳ, ರಿಮ್ (ತಳದ ಚಾಚಿದ ಅಂಚು) ಹೆಚ್ಚುಕಡಿಮೆ ಒಂದೇ. ತೊಂದರೆ ಇರುವುದು ಭುಜದಲ್ಲಿ. .30-30ರ ಭುಜ 0.401 ಇಂಚು, ನಮಗೆ ಬೇಕಾದದ್ದು 0.360ರ ಆಸುಪಾಸು. ಅಂದರೆ ಬರೀ ಕತ್ತಲ್ಲ, ಹೊಟ್ಟೆಯನ್ನೂ ಹಿಂಡಬೇಕು. ನೇರವಾಗಿ ಕೊನೆಯ ಡೈಗೆ (ಕೇಸನ್ನು ಒತ್ತಿ ಆಕಾರ ಕೊಡುವ ಅಚ್ಚು) ತಳ್ಳಿದ ಕೇಸುಗಳೆಲ್ಲ ಭುಜದ ಕೆಳಗೆ ಸುಕ್ಕುಗಟ್ಟಿದವು. ಎಲ್ಲರೂ ಹೇಳುವಂತೆ ಮೊದಲೇ ಕಾಯಿಸಿ ಮೆತ್ತಗೆ ಮಾಡಿಕೊಂಡು ನೋಡಿದೆ, ಇನ್ನೂ ಹಾಳಾಯಿತು. ಮೆತ್ತಗಾದ ಭುಜ ಡೈಯ ಒತ್ತಡ ತಡೆಯದೆ ಕುಸಿಯುತ್ತದೆ. ಆ ಹೊತ್ತಿನಲ್ಲಿ ನೂರಕ್ಕೆ ಮೂವತ್ತು ನಲವತ್ತು ಕೇಸು ಗುಜರಿಗೆ ಹೋಗುತ್ತಿದ್ದವು.

ದಾರಿ ತೆರೆದದ್ದು ಕ್ರಮ ತಿರುಗಿಸಿದ ಮೇಲೆ. ಮೊದಲ ಹಿಂಡು ಗಟ್ಟಿ ಹಿತ್ತಾಳೆಯಲ್ಲೇ, ನಡುವಿನ ಅಳತೆಯ ಒಂದು ಡೈಯಲ್ಲಿ. ಆಮೇಲೆ ಕತ್ತು ಮತ್ತು ಭುಜ ಮಾತ್ರ ಕಾಯಿಸಬೇಕು, ತಳಕ್ಕೆ ಬಿಸಿ ತಾಗಲೇಬಾರದು. ತಳ ಮೆತ್ತಗಾದ ಕೇಸು ಬಳಸಿದರೆ ಕಣ್ಣಿಗೇ ಅಪಾಯ. ನಂತರ .25-35 ಡೈ, ಕೊನೆಗೆ .22 ಹೈ-ಪವರ್ ಡೈ. ಒಂದೇ ಏಟಿಗೆ ಒತ್ತಬೇಡಿ. ಸ್ವಲ್ಪ ಒತ್ತಿ, ಹೊರತೆಗೆದು, ತಿರುಗಿಸಿ, ಮತ್ತೆ ಒತ್ತಿ. ಲೂಬ್ (ಕೇಸು ಜಾರಲೆಂದು ಹಚ್ಚುವ ಜಿಡ್ಡು) ಜಾಸ್ತಿಯಾದರೆ ಭುಜದಲ್ಲಿ ಗುಳಿ, ಕಡಿಮೆಯಾದರೆ ಕೇಸು ಡೈಯಲ್ಲೇ ಸಿಕ್ಕಿಕೊಳ್ಳುತ್ತದೆ. ನಡುವಿನ ಡೈಯನ್ನು ನಾನೇ ಲೇತಿನಲ್ಲಿ ಕೊರೆದದ್ದು. ಅದರ ಭುಜದ ಕೋನ ಎಷ್ಟು ಅಂತ ಸದ್ಯಕ್ಕೆ ಹೇಳುವುದಿಲ್ಲ, ಲೂಬಿಗೆ ಏನು ಬೆರೆಸುತ್ತೇನೆ ಅನ್ನುವುದನ್ನೂ. ಈಗ ನೂರಕ್ಕೆ ಐದಾರು ಕೆಟ್ಟರೆ ಹೆಚ್ಚು.

ಡೈ, ರೀಮರು (ಡೈಯ ಒಳಗನ್ನು ಕೊರೆಯುವ ಉಪಕರಣ), ಗುಜರಿಗೆ ಹೋದ ಹಿತ್ತಾಳೆ ಎಲ್ಲ ಸೇರಿಸಿದರೆ ಮೊದಲ ನೂರು ಕೇಸು ಫ್ಯಾಕ್ಟರಿ ಮಾಲಿಗಿಂತ ದುಬಾರಿಯೇ ಬಿದ್ದಿವೆ. ಮನೆಯಲ್ಲಿ ಈ ಲೆಕ್ಕ ಒಪ್ಪಿಸಿಲ್ಲ.

ಕತ್ತು ಕಿರಿದಾದಷ್ಟೂ ಗೋಡೆ ದಪ್ಪವಾಗುತ್ತದೆ. ನನ್ನವು 0.015 ಇಂಚಿನ ತನಕ ಹೋಗಿದ್ದವು. ಹಾಗೇ ಗುಂಡು ಕೂರಿಸಿದರೆ ಕತ್ತು ಚೇಂಬರಿನಲ್ಲಿ (ರೈಫಲ್ಲಿನಲ್ಲಿ ತೋಟಾ ಕೂರುವ ಗೂಡು) ಬಿಗಿಯಾಗಿ, ಗುಂಡನ್ನು ಬಿಡಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಚೇಂಬರಿನ ಅಚ್ಚು ತೆಗೆದು ಅಳೆದು, ಹೊರಗಿನಿಂದ ತುರಿದು 0.012ಕ್ಕೆ ತಂದೆ. ಉದ್ದ 2.05 ಇಂಚಿಗೆ ಕತ್ತರಿಸಿದೆ. ಮದ್ದಿನ ಅಳತೆ ನನ್ನನ್ನು ಕೇಳಬೇಡಿ. ಕೈಪಿಡಿ ನೋಡಿ, ಅತಿ ಕಡಿಮೆಯಿಂದ ಶುರುಮಾಡಿ. ಹಿಂಡಿದ ಕೇಸಿನ ಒಳಜಾಗ ಫ್ಯಾಕ್ಟರಿಯದಕ್ಕಿಂತ ಕಡಿಮೆ ಇರಬಹುದು.

ನಡುವೆ .38-55 ಕೇಸಿಗೂ ಕೈಹಾಕಿದ್ದೆ. ಉದ್ದ ಜಾಸ್ತಿ, ಭುಜವೇ ಇಲ್ಲ, ನಮಗೆ ಬೇಕಾದ ಕಡೆ ಭುಜ ಇಟ್ಟುಕೊಳ್ಳಬಹುದು ಅನ್ನುವ ಆಸೆ. ಹಿಂಡುವ ಹಂತಗಳು ಹೆಚ್ಚಾದವು, ಬಾಯಿ ಸೀಳಿತು, ಕೇಸಿನ ಬೆಲೆಯೂ ಜಾಸ್ತಿ, ಬಿಟ್ಟುಬಿಟ್ಟೆ. ಆದರೆ ಬಾಯಿ ಮಾತ್ರ ಸೀಳಿದ .30-30 ಕೇಸುಗಳು ದಂಡವಾಗಲಿಲ್ಲ. 1937ರ .219 ಝಿಪ್ಪರ್ ತೋಟಾ ಕೂಡ .25-35ರ ಕುಲದ್ದೇ, ಉದ್ದ ಮಾತ್ರ 1.938. ಸೀಳು ತುದಿಯಲ್ಲೇ ನಿಂತಿದ್ದವನ್ನು ಕತ್ತರಿಸಿ ಗೆಳೆಯನ ಡೈಯಲ್ಲಿ ಒತ್ತಿದೆವು. ಅವನಿಗೆ ವರ್ಷಕ್ಕಾಗುವಷ್ಟು ಕೇಸಾದವು, ನನಗೆ ಒಂದು ಊಟ ಬಂತು.

ತೊಳೆಯಲು ಅಮೋನಿಯಾ ಇರುವ ಪಾಲಿಶ್ ಬೇಡವೇ ಬೇಡ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ, ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಸೇನೆಯ ತೋಟಾಗಳು ಬಿರುಕು ಬಿಡುತ್ತಿದ್ದವು. ಕಾರಣ ಕುದುರೆಯ ಮೂತ್ರದಿಂದೇಳುವ ಅಮೋನಿಯಾ. ಹಿಂಡಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದೆ, ಅಮೋನಿಯಾ ಅದನ್ನೇ ಹುಡುಕಿಕೊಂಡು ಬರುತ್ತದೆ.

ಸ್ಯಾವೇಜ್ ಮಾಡೆಲ್ 99 ರೈಫಲ್ಲಿನ ಬೋಲ್ಟ್ (ತೋಟಾದ ಹಿಂದೆ ಚೇಂಬರು ಮುಚ್ಚುವ ಭಾಗ) ಹಿಂದುಗಡೆ ಬೀಗ ಹಾಕುವಂಥದ್ದು, ಕೇಸನ್ನು ಎಳೆದು ಉದ್ದ ಮಾಡುತ್ತದೆ. ಪ್ರತಿ ಸಲ ತುಂಬುವ ಮೊದಲು, ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಆಡಿಸಿ ನೋಡುತ್ತೇನೆ. ತಳಕ್ಕಿಂತ ತುಸು ಮೇಲೆ ತಂತಿ ತಗ್ಗಿಗೆ ಬಿದ್ದರೆ, ಅಂದರೆ ಅಲ್ಲಿ ಗೋಡೆ ತೆಳುವಾಗಿದ್ದರೆ, ಆ ಕೇಸು ಮುಗಿಯಿತು. ಸದ್ಯ ಆರೇಳು ಸಲ ತುಂಬಿದವೂ ಗಟ್ಟಿಯಾಗಿವೆ. ಇನ್ನೊಂದು, ಈ ಕೇಸುಗಳ ತಳದಲ್ಲಿ ಈಗಲೂ .30-30 ಅಂತಲೇ ಅಚ್ಚಿದೆ. ತಳಕ್ಕೆ ಕೆಂಪು ಮಾರ್ಕರ್ ಬಳಿದು ಬೇರೆ ಡಬ್ಬದಲ್ಲಿಡಿ, .30-30 ರೈಫಲ್ ಇರುವ ಕಪಾಟಿನಲ್ಲಂತೂ ಬೇಡ.