ಕೆಳಗೆ ರಬ್ಬರ್, ಮೇಲೆ ಚರ್ಮ: ತೋಟದ ಕೆಲಸಕ್ಕೆ ಹಂಟಿಂಗ್ ಬೂಟ್ ಆರಿಸಿದ ಅನುಭವ

ಗಂಬೂಟು ಬಿಟ್ಟು ಎರಡು ಮಳೆಗಾಲ ಕಳೆದು ಮೂರನೆಯದು ನಡೆಯುತ್ತಿದೆ. ಬೆರಳ ಸಂದಿಯಲ್ಲಿ ಕೆಸರುಹುಣ್ಣು ಇಲ್ಲ. ಬೂಟಿನ ಹೊಲಿಗೆ ಬಿಟ್ಟಿಲ್ಲ. "ಏನ್ ಮಿಲಿಟರಿಗೆ ಸೇರಿದ್ರಾ" ಅಂತ ನಕ್ಕವರೇ ಈಗ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಗುಬ್ಬಿ ತಾಲ್ಲೂಕು. ಅಡಿಕೆ, ತೆಂಗು, ಮಳೆ ಬಿದ್ದರೆ ಒಂದಿಷ್ಟು ರಾಗಿ. ರಾತ್ರಿ ತ್ರೀ ಫೇಸ್ ಬಂದಾಗ ಮೋಟರ್ ಹಾಕಲು ಹೋಗುವ ಪಾಡು ನಿಮಗೆ ನಾನು ಹೇಳಬೇಕಿಲ್ಲ. ಬದುವಿನ ಮೇಲೆ ಮೊಣಕಾಲುದ್ದ ಹುಲ್ಲು, ತೋಟದೊಳಗೆ ಕೆರೆಗೋಡು, ಅಂದರೆ ಕೆರೆಯಿಂದ ತಂದು ಹರಡಿದ ಹೂಳುಮಣ್ಣು, ಅದರ ಮೇಲೆ ಉದುರಿದ ಅಡಿಕೆ ಪಟ್ಟೆ. ಪಟ್ಟೆ ಕೆಳಗೆ ಏನಿದೆಯೋ ಟಾರ್ಚಿಗೆ ಕಾಣಲ್ಲ. ಕೊಳಕುಮಂಡಲ ಇರುವ ಸೀಮೆ ಇದು. ಹಾವು ಕಚ್ಚುವುದು ಬಹುಪಾಲು ಪಾದಕ್ಕೆ, ಇಲ್ಲವೇ ಮೀನಖಂಡದ ಕೆಳಗೆ. ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ಹೋಗುವ ಧೈರ್ಯ ನನಗಿಲ್ಲ.

ಹಾಗಂತ ಗಂಬೂಟು? ಪಿವಿಸಿ ಅನ್ನೋ ಪ್ಲಾಸ್ಟಿಕ್ಕಿನದು 450ಕ್ಕೋ 500ಕ್ಕೋ ಸಿಗುತ್ತದೆ. ಹೊರಗಿನ ನೀರು ಒಳಗೆ ಬರಲ್ಲ, ನಿಜ. ಒಳಗಿನ ಬೆವರೂ ಹೊರಗೆ ಹೋಗಲ್ಲ. ಏಪ್ರಿಲ್ ಬಿಸಿಲಲ್ಲಿ ಒಂದು ಗಂಟೆ ಗೋಡು ಹರಡಿಸಿ ಬಂದರೆ ಕಾಲುಚೀಲ ಹಿಂಡಬಹುದು. ಹಿಮ್ಮಡಿ ಹಿಡಿಯಲ್ಲ, ಗೋಡಿನಲ್ಲಿ ಹೂತರೆ ಕಾಲು ಮಾತ್ರ ಮೇಲೆ ಬರುತ್ತೆ. ಆಮೇಲೆ ಸೇಫ್ಟಿ ಶೂ ನೋಡಿದೆ. ಐಎಸ್ 15298 ಅಂತ ಅಚ್ಚಿರುತ್ತಲ್ಲ, ಅದು. ಸುಮಾರು 900 ರೂಪಾಯಿ. ಕಾರ್ಖಾನೆಗೆ ಒಳ್ಳೆಯದು, ಇಬ್ಬನಿಗೆ ಅಲ್ಲ. ಬೆಳಗಿನ ಹುಲ್ಲಲ್ಲಿ ಎರಡು ಸುತ್ತು ಹಾಕಿದರೆ ಚರ್ಮ ನೆನೆದು ಭಾರ, ಒಣಗಿದ ಮೇಲೆ ಬಿರುಸು. ವರ್ಷ ತುಂಬುವುದರೊಳಗೆ ಅಟ್ಟ ಸೇರಿತು.

ಪಾದ ಇರುವ ಕಡೆ ರಬ್ಬರ್, ಕಣಕಾಲು ಆಡುವ ಕಡೆ ಚರ್ಮ. ಎರಡನ್ನೂ ಸೇರಿಸಿದ ಬೂಟು ಅಮೆರಿಕದಲ್ಲಿ ನೂರು ವರ್ಷದಿಂದ ಇದೆ. ಮೇನ್ ಅನ್ನೋ ರಾಜ್ಯದಲ್ಲಿ ಲಿಯಾನ್ ಲಿಯಾನ್‌ವುಡ್ ಬೀನ್ ಅಂತ ಒಬ್ಬ ಇದ್ದ. ಬೇಟೆಗೆ ಹೋದಾಗ ಕಾಲು ಒದ್ದೆಯಾಗಿ ರೋಸಿಹೋಗಿ ರಬ್ಬರ್ ತಳಕ್ಕೆ ಚರ್ಮದ ಮೇಲ್ಭಾಗ ಹೊಲಿಸಿಕೊಂಡ. 1912ರಲ್ಲಿ ಅಂಚೆ ಮೂಲಕ 100 ಜೊತೆ ಮಾರಿದ. ಅದರಲ್ಲಿ 90 ವಾಪಸ್ ಬಂದವು. ಹೊಲಿಗೆ ಕಿತ್ತು ಬಂದಿತ್ತು. ಎಲ್ಲರಿಗೂ ದುಡ್ಡು ಹಿಂತಿರುಗಿಸಿ, ಸಾಲ ಮಾಡಿ, ಸರಿಮಾಡಿ ಮತ್ತೆ ಮಾರಿದ. ಇವತ್ತು ಅದೇ ದೊಡ್ಡ ಕಂಪನಿ. ಈ ಕಥೆ ಗೊತ್ತಾಗಿದ್ದು ನಾನು ಇಲ್ಲೇ ಮಾಡಿಸಿದ ಮೊದಲ ಜೊತೆ ಹಾಳಾದ ಮೇಲೆ. ಸ್ವಲ್ಪ ಸಮಾಧಾನವಾಯಿತು ಅನ್ನಿ.

ಹೊಸದು ತರಿಸೋಣ ಅಂದರೆ ಡಾಲರ್ ಲೆಕ್ಕದಲ್ಲೇ ನೂರು ದಾಟುತ್ತದೆ. ಸಾಗಣೆ, ಸುಂಕ ಬೇರೆ. ಅಷ್ಟು ದುಡ್ಡಿಗೆ ತೋಟಕ್ಕೆ ಒಂದಷ್ಟು ಲೋಡ್ ಗೋಡು ಬರುತ್ತೆ. ಇಲ್ಲೇ ಮಾಡಿಸೋಣ ಅಂತ ತುಮಕೂರಿನಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರ ಹತ್ತಿರ ಹೋದೆ. "ಸ್ವಾಮಿ, ಇದಕ್ಕೆ ಸೂಜಿ ಹಾಕಿದ್ರೆ ನಿಲ್ಲಲ್ಲ. ಸುಮ್ನೆ ದುಡ್ಡು ದಂಡ" ಅಂದರು. "ಹೋದ್ರೆ ನನ್ನ ದುಡ್ಡು ಹೋಗ್ಲಿ ಹೊಲೀರಣ್ಣ" ಅಂದೆ. ಪಿವಿಸಿ ಗಂಬೂಟನ್ನು ಕಣಕಾಲಿನ ಕೆಳಗೆ ಕತ್ತರಿಸಿ, ಮೇಲೆ ಹಳೆ ಸೇಫ್ಟಿ ಶೂ ಚರ್ಮ ಕೂಡಿಸಿದರು. ಅವರು ಹೇಳಿದ ಹಾಗೇ ಆಯಿತು. ಬೆರಳು ಮಡಚುವ ಜಾಗದ ಮೇಲೆ, ಸೂಜಿಯ ತೂತಿನಿಂದ ತೂತಿಗೆ ಸೀಳು ಓಡಿತು.

ನಾನು ಬಿಡಲಿಲ್ಲ. ಈ ಸಲ ಅಸಲಿ ರಬ್ಬರಿನ ಗಂಬೂಟು ಹುಡುಕಿದೆ. ಅಂಗಡಿಯವರು ಎಲ್ಲವನ್ನೂ ರಬ್ಬರ್ ಅಂತಲೇ ಮಾರುತ್ತಾರೆ. ಒಂದು ಸುಳಿವು ಕೊಡುತ್ತೇನೆ: ಐಎಸ್‌ಐ ಗುರುತಿದ್ದರೆ ಅದರ ನಂಬರ್ ನೋಡಿ. 5557 ಅಂತಿದ್ದರೆ ರಬ್ಬರ್, 12254 ಅಂತಿದ್ದರೆ ಪಿವಿಸಿ. ಹೊಲಿಗೆಯ ಅಂತರ ಜಾಸ್ತಿ ಬಿಡಿಸಿದೆ. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಅನ್ನೋದು ಬಟ್ಟೆಗೆ, ರಬ್ಬರಿಗೆ ಅಲ್ಲ. ಒಳಗಡೆ ಹೊಲಿಗೆ ಉದ್ದಕ್ಕೂ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ, ಉಜ್ಜಿ, ಪಂಕ್ಚರ್ ಸಲ್ಯೂಷನ್ ಹಚ್ಚಿ ಅಂಟಿಸಿದೆವು. ಇದು ನಿಂತಿತು! ಹತ್ತಿರ ಹತ್ತಿರ ಒಂದು ಮಳೆಗಾಲ. ಆಮೇಲೆ ಕೈಕೊಟ್ಟಿದ್ದು ರಬ್ಬರ್ ಅಲ್ಲ, ಚರ್ಮ. ಎಕ್ಕಡಕ್ಕೆ ಬಳಸುವ, ತಂಗಡಿ ತೊಗಟೆಯಲ್ಲಿ ಹದ ಮಾಡಿದ ಚರ್ಮ ಹಾಕಿಸಿದ್ದೆ. ಎಕ್ಕಡಕ್ಕೆ ಅದರ ಸಮ ಇಲ್ಲ. ಆದರೆ ದಿನಾ ನೆನೆದು ದಿನಾ ಒಣಗಿದರೆ ಬಿರುಸಾಗಿ ಮಡಿಕೆಯಲ್ಲಿ ಒಡೆಯುತ್ತೆ. ಅಷ್ಟೊತ್ತಿಗೆ ಎರಡೂ ಪ್ರಯೋಗ ಸೇರಿ 2,000ದ ಹತ್ತಿರ ಕೈಬಿಟ್ಟಿತ್ತು. ಮನೆಯಲ್ಲಿ, "ಇದಕ್ಕಿಂತ ಮೋಟರಿಗೆ ಒಂದು ಆಟೋಮ್ಯಾಟಿಕ್ ಸ್ಟಾರ್ಟರ್ ಹಾಕಿಸ್ಬಹುದಿತ್ತು" ಅಂದರು. ಉತ್ತರ ಇರಲಿಲ್ಲ.

ದುಡ್ಡು ಹೋದರೂ ಒಂದು ವಿಷಯ ಖಚಿತವಾಯಿತು. ಈ ಬೂಟಿನ ಪ್ರಾಣ ಇರುವುದು ರಬ್ಬರ್ ಮತ್ತು ಚರ್ಮ ಕೂಡುವ ಆ ಒಂದು ಗೆರೆಯಲ್ಲಿ. ಹೆಸರು, ಬಣ್ಣ, ಹೊಳಪು ಆಮೇಲಿನ ಮಾತು. ಇದನ್ನು ತಲೆಯಲ್ಲಿಟ್ಟುಕೊಂಡು ಬೆಂಗಳೂರಿನ ಸಂಡೇ ಬಜಾರಿಗೆ ಹೋದೆ. ಹೊರದೇಶದ ಹಳೆ ಬೂಟುಗಳು ಅಲ್ಲಿ ರಾಶಿಯಲ್ಲಿ ಸಿಗುತ್ತವೆ. ಬೆಳಗ್ಗೆ ಬೇಗ ಹೋಗಬೇಕು. ಒಂದೇ ಭಾನುವಾರಕ್ಕೆ ಸಿಗಲ್ಲ.

ರಾಶಿಯಲ್ಲಿ ಕಣ್ಣಿಗೆ ಮೊದಲು ಬೀಳುವುದು ಹಿಮದ ಬೂಟು. ಹೊರಗಿನಿಂದ ಥೇಟ್ ನಮಗೆ ಬೇಕಾದ್ದೇ, ಕೆಳಗೆ ರಬ್ಬರ್, ಮೇಲೆ ಚರ್ಮ. ಕೈ ಒಳಗೆ ಹಾಕಿದರೆ ಮೆತ್ತಗೆ ಉಣ್ಣೆಯ ಹಾಸು. ಆ ದೇಶದಲ್ಲಿ ಅದು ಬೇಕು. ನಮ್ಮ ಬೇಸಿಗೆಯಲ್ಲಿ ಕಾಲು ಬೆಂದುಹೋಗುತ್ತೆ, ಗಂಬೂಟಿಗಿಂತ ಕಡೆ. ಹಾಸು ಬಿಡಿಸಿ ತೆಗೆಯುವಂಥದ್ದಾದರೆ ಯೋಚಿಸಬಹುದು, ಆದರೆ ತೆಗೆದ ಮೇಲೆ ಒಂದೂವರೆ ಸೈಜ್ ಸಡಿಲ. ಅಂಟಿಸಿದ್ದರೆ ಮುಟ್ಟಲೇಬೇಡಿ. ಅಗ್ಗಕ್ಕೆ ಸಿಕ್ಕಿತು ಅಂತ ನಮ್ಮ ಪಕ್ಕದ ತೋಟದವರು ಒಂದು ತಂದರು. ಈಗ ಅದರಲ್ಲಿ ಕೋಳಿ ಮೊಟ್ಟೆ ಇಡುತ್ತಿದೆ.

ರಬ್ಬರನ್ನು ಬೆರಳಿನ ಮಡಿಕೆ ಹತ್ತಿರ ಜೋರಾಗಿ ಬಗ್ಗಿಸಿ ಬೆಳಕಿಗೆ ಹಿಡಿಯಿರಿ. ಸಣ್ಣ ಸಣ್ಣ ಬಿರುಕು ಕಂಡರೆ ಅದು ಬಿಸಿಲಿಗೆ, ಗಾಳಿಗೆ ಸತ್ತ ರಬ್ಬರ್, ಯಾವ ಸಲ್ಯೂಷನ್ನೂ ಬದುಕಿಸಲ್ಲ. ಬಗ್ಗಿಸಿದಾಗ ಬೆಳ್ಳಗೆ ಗೆರೆ ಮೂಡಿದರೆ ಪ್ಲಾಸ್ಟಿಕ್ ಬೆರಕೆ ಅಂತ ಲೆಕ್ಕ. ಸೋಲ್ ಹಗುರವಾಗಿ ಸ್ಪಂಜಿನ ಹಾಗಿದ್ದರೆ ಪಿಯು, ಅಂದರೆ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್. ಅದನ್ನು ಹಳೆಯದಾಗಿ ಕೊಳ್ಳಲೇಬಾರದು. ವರ್ಷಗಟ್ಟಲೆ ಗೋಡೌನಿನಲ್ಲಿ ಕೂತಿದ್ದರೆ ತೇವಕ್ಕೆ ಒಳಗೊಳಗೇ ಕೊಳೆತಿರುತ್ತೆ. ಹೊಸದರ ಹಾಗೇ ಕಾಣುತ್ತೆ, ಹಾಕಿ ನಡೆದ ವಾರಕ್ಕೆ ಪುಡಿ ಪುಡಿ.

ಇನ್ನು ಆ ಗೆರೆ. ಹೊಲಿಗೆ ಎರಡು ಸಾಲಾದರೂ ಇರಬೇಕು. ನನ್ನದರಲ್ಲಿ ಮೂರಿದೆ. ಚರ್ಮದ ಅಂಚು ರಬ್ಬರಿನ ಹೊರಗೆ ಬಂದಿರಬೇಕು, ಮಂಗಳೂರು ಹಂಚಿನಲ್ಲಿ ಮೇಲಿನದು ಕೆಳಗಿನದರ ಮೇಲೆ ಕೂರುವ ಹಾಗೆ. ಇಬ್ಬನಿಯ ನೀರು ಮೇಲಿನಿಂದ ಇಳಿಯುವುದು ತಾನೇ. ರಬ್ಬರ್ ಹೊರಗಿದ್ದು ಚರ್ಮ ಒಳಗೆ ಹೋಗಿದ್ದರೆ ಅಷ್ಟೂ ನೀರು ಸಂದಿಗೆ ಇಳಿಯುತ್ತೆ. ಇದು ನನ್ನ ಅಭಿಪ್ರಾಯ, ಬೇರೆಯವರು ಬೇರೆ ಹೇಳಬಹುದು. ಗೆರೆ ನೆಲದಿಂದ ನಾಲ್ಕು ಬೆರಳಾದರೂ ಮೇಲಿರಲಿ. ನಾಲಿಗೆ ಎರಡೂ ಪಕ್ಕಕ್ಕೆ ಚರ್ಮದಿಂದ ಕೂಡಿಕೊಂಡಿರಬೇಕು. ಬಿಡಿ ನಾಲಿಗೆಯಾದರೆ ಲೇಸಿನ ಸಂದಿಯಿಂದ ನೀರೂ ಮುಳ್ಳೂ ಒಳಗೆ.

ತೂತು ನೋಡಲು ಒಂದು ಉಪಾಯ. ಮೊಬೈಲ್ ಟಾರ್ಚ್ ಹಾಕಿ ಬೂಟಿನೊಳಗೆ ಬಿಡಿ, ಬಾಯಿಗೆ ಟವೆಲ್ ತುರುಕಿ, ಕತ್ತಲಲ್ಲಿ ಹೊಲಿಗೆ ಉದ್ದಕ್ಕೂ ನೋಡಿ. ಸೂಜಿಯ ತೂತು ದೊಡ್ಡದಾಗಿದ್ದರೆ ಚುಕ್ಕಿ ಚುಕ್ಕಿ ಬೆಳಕು ಕಾಣುತ್ತೆ. ಸಂಡೇ ಬಜಾರಿನಲ್ಲಿ ಗೋಣಿತಾಟು ಹೊದ್ದುಕೊಂಡು ಇದನ್ನು ಮಾಡುತ್ತಿದ್ದರೆ ಜನ ಸೇರಿದರು. ಅಂಗಡಿಯವರು "ಯಜಮಾನ್ರೇ, ಎಕ್ಸರೇ ಆಯ್ತಾ" ಅಂದರು. ಆಯ್ತು ಅಂತ 2,500ರಿಂದ ಎಳೆದು ಎಳೆದು 1,800ಕ್ಕೆ ತಂದೆ. ಯಾವ ಸಾಲಿನ ಯಾವ ಅಂಗಡಿ ಅಂತ ಮಾತ್ರ ಕೇಳಬೇಡಿ. ನನ್ನ ಅಳತೆಯ ಇನ್ನೊಂದು ಜೊತೆ ಅವರ ಹತ್ತಿರ ಇದೆ.

ಎತ್ತರದ ಬಗ್ಗೆ ವಾದ ಇದೆ. 6 ಇಂಚಿನದು ಹಗುರ, ಆದರೆ ಹುಲ್ಲಿನ ಬೀಜ, ಇರುವೆ ಎಲ್ಲ ಒಳಗೆ. 12 ಇಂಚಿನದು ಹಾವಿಗೆ ಒಳ್ಳೆಯದು, ರಾತ್ರಿ ಕರೆಂಟ್ ಬಂದು ಲೇಸ್ ಕಟ್ಟುವಷ್ಟರಲ್ಲಿ ಕರೆಂಟ್ ಹೋಗಿರುತ್ತೆ. ನಾನು 8 ಇಂಚು ಹಿಡಿದೆ. ಯಾವುದೇ ಆದರೂ ಹಾವಿಗೆ ಪೂರ್ತಿ ಗ್ಯಾರಂಟಿ ಅಂತ ನಂಬಬೇಡಿ. ಕರೆಂಟಿಗೂ ಅಷ್ಟೇ. ತಳ ರಬ್ಬರ್ ಅಲ್ವಾ ಅಂತ ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟುವವರನ್ನು ನೋಡಿದ್ದೇನೆ. ಹೊಲಿಗೆಯ ತೂತು, ನೆನೆದ ಚರ್ಮ, ಎರಡರಲ್ಲೂ ಕರೆಂಟ್ ಹರಿಯುತ್ತೆ.

ಸೋಲಿನ ಕೆಳಗಿನ ಅಚ್ಚಿನ ವಿಷಯದಲ್ಲಿ ನನ್ನ ಮಾತು ಕೇಳಿ. ದಪ್ಪ ದಪ್ಪ ಗುಬುಟಿನ ಸೋಲ್ ನೋಡಲು ಚಂದ. ಗೋಡಿನಲ್ಲಿ ಹತ್ತು ಹೆಜ್ಜೆ ಇಟ್ಟರೆ ಒಂದೊಂದು ಕಾಲಿಗೂ ಒಂದೊಂದು ಕೆಜಿ ಮಣ್ಣು. ಸರಪಳಿಯ ಹಾಗೆ ಸಣ್ಣ ಗೆರೆ ಇರುವ ಅಚ್ಚು ಮಣ್ಣು ಹಿಡಿಯಲ್ಲ. ಅದರ ಕೆಟ್ಟ ಗುಣವೆಂದರೆ ಪಾಚಿ. ಪಂಪ್‌ಹೌಸ್ ಸಿಮೆಂಟಿನ ಮೇಲೆ ಜಾರುತ್ತೆ. ದೇವರಾಯನದುರ್ಗದ ಒದ್ದೆ ಬಂಡೆಯ ಮೇಲೆ ಒಮ್ಮೆ ಹಾಕಿಕೊಂಡು ಹೋಗಿ, ಇಳಿಯುವಾಗ ಕೂತೇ ಇಳಿದೆ.

ತಂದ ಮೇಲೆ ನಿಜವಾದ ಕೆಲಸ. ಟ್ಯೂಬಿನ ಪಟ್ಟಿ ಇದಕ್ಕೂ ಹಾಕಿದೆ, ಹೊಲಿಗೆ ಚೆನ್ನಾಗಿದ್ದರೂ. ಚರ್ಮಕ್ಕೆ ಮೊದಲು ಹೊಂಗೆ ಎಣ್ಣೆ ಹಚ್ಚಿ ನೋಡಿದೆ. ನೀರು ಜಾರಿತು, ಚರ್ಮ ಕಪ್ಪಾಯಿತು, ಬೂಟನ್ನು ಜಗಲಿಗೂ ಸೇರಿಸಲಿಲ್ಲ, ಅಷ್ಟು ಘಾಟು. ಹರಳೆಣ್ಣೆ ಒಂದೇ ಆದರೆ ಜಿಡ್ಡು, ಧೂಳೆಲ್ಲ ಅಂಟುತ್ತೆ. ಈಗ ಹರಳೆಣ್ಣೆಗೆ ಜೇನುಮೇಣ ಕರಗಿಸಿ ಬೆರೆಸುತ್ತೇನೆ, ಜೊತೆಗೆ ಇನ್ನೊಂದು ಸಾಮಾನು. ಅಳತೆಯೂ ಆ ಸಾಮಾನೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ: ಎಣ್ಣೆ ರಬ್ಬರಿಗೆ ತಾಗಬಾರದು. ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತೆ, ಹೊಲಿಗೆ ಹಿಡಿತ ಹೋಗುತ್ತೆ. ಗೆರೆಯ ಕೆಳಗೆ ಟೇಪ್ ಅಂಟಿಸಿಕೊಂಡು ಹಚ್ಚಿ.

ಒಳಸೋಲಿಗೂ ಒಂದಷ್ಟು ಆಟ ಆಡಿದೆ. ತಿಪಟೂರು ಕಡೆಯಿಂದ ತೆಂಗಿನ ನಾರಿನ ಹಾಸು ತಂದು ಪಾದದ ಅಳತೆಗೆ ಕತ್ತರಿಸಿದೆ. ಬೆವರು ನಿಲ್ಲಲ್ಲ, ಆದರೆ ಕಾಲುಚೀಲ ದಾಟಿ ಚುಚ್ಚುತ್ತೆ. ಆಮೇಲೆ ಹೊಳೆದಿದ್ದು ಕಂಬಳಿ. ಅಟ್ಟದಲ್ಲಿದ್ದ ಚಳ್ಳಕೆರೆ ಕಂಬಳಿ, ನುಸಿ ಹಿಡಿದಿದ್ದು, ಎರಡು ಪದರ ಮಡಚಿ ಹೊಲಿಸಿದೆ. ಇದರಷ್ಟು ಚೆನ್ನಾಗಿ ಯಾವುದೂ ಕೆಲಸ ಮಾಡಲಿಲ್ಲ. ಬೆವರು ಕುಡಿಯುತ್ತೆ, ರಾತ್ರಿ ತೆಗೆದು ಹಗ್ಗದ ಮೇಲೆ ಹಾಕಿದರೆ ಬೆಳಗ್ಗೆಗೆ ಒಣ. ಎರಡು ಜೊತೆ ಇಟ್ಟುಕೊಂಡು ಬದಲಾಯಿಸುತ್ತೇನೆ. ಖರ್ಚು ಹೊಲಿಗೆಯ 40 ರೂಪಾಯಿ. ಕಂಬಳಿ ಅತ್ತೆಯವರದು ಅಂತ ಆಮೇಲೆ ಗೊತ್ತಾಯಿತು, ಆ ವಿಷಯ ಬೇಡ.

ಬೂಟು ಒದ್ದೆಯಾದರೆ ಒಲೆ ಹತ್ತಿರವೂ ಬಿಸಿಲಿಗೂ ಇಡಬೇಡಿ. ಹಳೆ ಕಾಲುಚೀಲದೊಳಗೆ ಒಣ ರಾಗಿ ಹೊಟ್ಟು ತುಂಬಿ ರಾತ್ರಿ ಒಳಗೆ ತುರುಕಿ. ಪೇಪರಿಗಿಂತ ಬೇಗ ತೇವ ಎಳೆಯುತ್ತೆ. ಕಾಲುಚೀಲದ ಬಾಯಿ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಇಲಿ ಬರುತ್ತೆ, ಇಲಿ ಹಿಂದೆ ಬರುವುದು ಯಾರು ಅಂತ ಗೊತ್ತಲ್ಲ. ಒಣಗಿದ ಮೇಲೆ ಗೂಟಕ್ಕೆ ತಲೆಕೆಳಗಾಗಿ ನೇತುಹಾಕಿ. ಆದರೂ ಹಾಕುವ ಮುಂಚೆ ಕೊಡವಿಯೇ ಹಾಕಿ. ನನ್ನ ಬೂಟಿನಿಂದ ಚೇಳು ಬಿದ್ದಿದೆ.

ಬೂಟು, ಪಟ್ಟಿ, ಮೇಣ, ಒಳಸೋಲ್, ಹೊಸ ಲೇಸ್ ಎಲ್ಲ ಸೇರಿ 2,300ರ ಆಸುಪಾಸು. ಗಂಬೂಟು ವರ್ಷಕ್ಕೊಂದು ಹಾಳು ಮಾಡುತ್ತಿದ್ದೆ, ಜೊತೆಗೆ ಹುಣ್ಣಿನ ಮುಲಾಮು. ಇನ್ನೊಂದೆರಡು ವರ್ಷ ಬಂದರೆ ದುಡ್ಡಿನ ಲೆಕ್ಕದಲ್ಲೂ ನಾನೇ ಗೆದ್ದ ಹಾಗೆ. "ಹಂಟಿಂಗ್ ಬೂಟ್ ಅಂತ ಹೇಳ್ಕೊಂಡು ತಿರುಗ್ಬೇಡಿ, ಫಾರೆಸ್ಟ್‌ನೋರು ಬಂದಾರು" ಅಂತ ರೇಗಿಸುತ್ತಿದ್ದ ನಮ್ಮ ಭಾವನೇ ಹೋದ ತಿಂಗಳು ಫೋನ್ ಮಾಡಿದರು. ಬೇಟೆಗೆ 1972ರ ಕಾಯ್ದೆಯಲ್ಲೇ ಬೀಗ ಬಿದ್ದಿದೆ, ನಾವು ಹುಡುಕಿಕೊಂಡು ಹೋಗುವುದು ಮೋಟರ್ ಸ್ವಿಚ್ ಅಂದೆ. ಅವರಿಗೂ ಒಂದು ಜೊತೆ ನೋಡಬೇಕಂತೆ.

ಅವರಿಗೆ ಹೇಳಿದ ಸೈಜಿನ ಲೆಕ್ಕ ನಿಮಗೂ ಹೇಳಿಬಿಡುತ್ತೇನೆ. ಅಮೆರಿಕದ 9 ಅಂದರೆ ನಮ್ಮಲ್ಲಿ ಸುಮಾರು 8. ಈ ಜಾತಿಯ ಬೂಟು ಅದಕ್ಕಿಂತಲೂ ಸ್ವಲ್ಪ ದೊಡ್ಡದಾಗೇ ಬರುತ್ತೆ, ಹಾಗಾಗಿ ನಂಬರ್ ನಂಬದೆ ಹಾಕಿ ನೋಡಿ. ನೋಡುವುದು ಒಂದಷ್ಟು ನಡೆದು ಕಾಲು ಊದಿದ ಮೇಲೆ, ತೋಟಕ್ಕೆ ಹಾಕುವ ಕಾಲುಚೀಲದ ಸಮೇತ. ಕಂಬಳಿಯ ಒಳಸೋಲ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಅದು ಹಾಕಿದ ಮೇಲೆ ಮುಂದೆ ಒಂದು ಹೆಬ್ಬೆರಳು ಜಾಗ ಉಳಿದು, ಹಿಂದೆ ಹಿಮ್ಮಡಿ ಎದ್ದು ಬರಲಿಲ್ಲ ಅಂದರೆ ಚೌಕಾಸಿ ಶುರುಮಾಡಿ.