ಮಲ್ಪೆಯಲ್ಲಿ ಕೊಂಡ ಹಳೆ ಬೋಟನ್ನು ಕಾರವಾರಕ್ಕೆ ತರುವುದು

ಮಲ್ಪೆಯಿಂದ ಕಾರವಾರಕ್ಕೆ ಕಡಲದಾರಿ ಸುಮಾರು 95 ನಾಟಿಕಲ್ ಮೈಲಿ. 7 ನಾಟ್ ವೇಗದಲ್ಲಿ, ಅಂದರೆ ತಾಸಿಗೆ 7 ನಾಟಿಕಲ್ ಮೈಲಿಯಂತೆ ಹೋದರೆ ಸುಮಾರು 14 ತಾಸು. ದಾರಿ ಬಲ್ಲ ತಾಂಡೇಲರು (ಬೋಟು ನಡೆಸುವವರು) ಬೇಕಾದಷ್ಟು ಸಿಗುತ್ತಾರೆ. ಆದರೆ ಈ ಬೋಟು ತೆರೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ನಿಮಗಿನ್ನೂ ಗೊತ್ತಿಲ್ಲ. ಹಾಗಾಗಿ ಹೊರಡುವ ಮುಂಚೆ ಎರಡು ದಿನ ಬೋಟಿಗೇ ಮೀಸಲಿಡಿ.

ಮೊದಲು ಡೀಸೆಲ್ ಟ್ಯಾಂಕ್. ತಿಂಗಳುಗಟ್ಟಲೆ ಕಟ್ಟಿಹಾಕಿದ ಬೋಟಿನ ಟ್ಯಾಂಕಿನ ತಳದಲ್ಲಿ ನೀರು ನಿಂತಿರುತ್ತದೆ, ಅದರ ಮೇಲೆ ಕಪ್ಪು ಲೋಳೆ. ಧಕ್ಕೆಯಲ್ಲಿ ಎಷ್ಟು ಹೊತ್ತು ಇಂಜಿನ್ ಓಡಿಸಿದರೂ ಇದು ಗೊತ್ತಾಗುವುದಿಲ್ಲ. ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವಲ್ಲಿ, ಬೋಟು ಹೊಯ್ದಾಡಿದಾಗ ಲೋಳೆ ಮೇಲೆದ್ದು ಫಿಲ್ಟರ್ ಕಟ್ಟುತ್ತದೆ. ಇಂಜಿನ್ ನಿಲ್ಲುವುದು ತೆರೆ ಒಡೆಯುವ ಜಾಗದಲ್ಲೇ. ಟ್ಯಾಂಕಿನ ತಳದ ಪ್ಲಗ್ ಬಿಚ್ಚಿ, ಒಳಗಿನದು ಕಾಣುವ ಬಾಟಲಿಗೆ ಹಿಡಿದು ನೋಡಿ. ನೀರು ಕೆಳಗೆ, ಡೀಸೆಲ್ ಮೇಲೆ ಬೇರೆಯಾಗಿ ನಿಲ್ಲುತ್ತದೆ. ಬರೀ ಡೀಸೆಲ್ ಬರುವ ತನಕ ಬಿಡಿ. ಪ್ಲಗ್ ಇಲ್ಲದಿದ್ದರೆ ತಳಕ್ಕೆ ಪೈಪ್ ಇಳಿಸಿ ಎಳೆಯಿರಿ. ಹೊಸ ಫಿಲ್ಟರ್ ಹಾಕಿ, ಇನ್ನೂ ಮೂರು ಜೊತೆಗಿರಲಿ. ಫಿಲ್ಟರ್ ಬದಲಿಸಿದ ಮೇಲೆ ಡೀಸೆಲ್ ಪೈಪಿನ ಗಾಳಿ ತೆಗೆಯುವುದನ್ನು ಧಕ್ಕೆಯಲ್ಲೇ ಒಮ್ಮೆ ಕೈಯಾರೆ ಮಾಡಿ ನೋಡಿ: ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾ ಹೋಗಿ, ಗುಳ್ಳೆ ನಿಂತು ಡೀಸೆಲ್ ಏಕಧಾರೆಯಾಗಿ ಬಂದಾಗ ಬಿಗಿಯಿರಿ. ಕತ್ತಲಲ್ಲಿ ತೂಗಾಡುವ ಬೋಟಿನಲ್ಲಿ ಇದನ್ನು ಕಲಿಯಲಾಗುವುದಿಲ್ಲ.

ಶಾಫ್ಟಿನ ಗ್ಲಾಂಡ್ (ಫ್ಯಾನಿನ ಶಾಫ್ಟ್ ಬೋಟಿನಿಂದ ಹೊರಬರುವಲ್ಲಿ ನೀರು ತಡೆಯುವ ಬಿಗಿ) ಓಡುವಾಗ ನಿಮಿಷಕ್ಕೆ ಕೆಲವು ಹನಿ ತೊಟ್ಟಿಕ್ಕಬೇಕು. ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾದರೆ ಬಿಗಿ ಹೆಚ್ಚಾಗಿದೆ. ಎರಡು ತಾಸು ಹೊರಗೆ ಓಡಿಸಿ ಬನ್ನಿ. ಹೋಗುವಾಗ ಬೋಟಿನ ತಳದಲ್ಲಿ ಎಷ್ಟು ನೀರಿತ್ತು, ಬಂದಾಗ ಎಷ್ಟಿದೆ ಎಂದು ಕೋಲು ಇಳಿಸಿ ಗುರುತು ಹಾಕಿ. ಆ ಎರಡು ತಾಸಿಗೆ ಎಷ್ಟು ಡೀಸೆಲ್ ಹೋಯಿತೆಂದೂ ಅಳೆಯಿರಿ. ತಾಸಿಗೆ 12 ಲೀಟರ್ ಆದರೆ ದಾರಿಗೆ 170 ಲೀಟರ್ ಬೇಕು, ತುಂಬುವುದು 250.

ಕಾಗದಪತ್ರ ಸರಳ: ನೋಂದಣಿ ಮತ್ತು ವಿಮೆ ನಿಮ್ಮ ಹೆಸರಿಗೆ ಬಂದ ಮೇಲೇ ಹೊರಡಿ. ಎಲ್ಲರ ಗುರುತಿನ ಚೀಟಿ, ತಲೆಗೊಂದು ಲೈಫ್ ಜಾಕೆಟ್, ಬೋಟಿನ ರೇಡಿಯೋ ವಿಎಚ್‌ಎಫ್‌ನಲ್ಲಿ ತುರ್ತು ಕರೆಯ 16ನೇ ಚಾನಲ್ ಇರಲಿ. ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093.

ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಿಗ್ಗೆ ನೆಲದ ಕಡೆಯಿಂದ ಮೂಡುಗಾಳಿ, ಕಡಲು ಸಪಾಟು. ಮಧ್ಯಾಹ್ನದ ಮೇಲೆ ವಾಯುವ್ಯ ಗಾಳಿ ಎದ್ದು, ಉತ್ತರಕ್ಕೆ ಹೋಗುವವರ ಮುಖಕ್ಕೇ ಬಡಿಯುತ್ತದೆ. ಒಂದೇ ದಿನದಲ್ಲಿ ಮುಗಿಸುವ ಆಸೆ ಬೇಡ. ಬೆಳಗಿನ ಜಾವ 4ಕ್ಕೆ ಬಿಟ್ಟರೆ 10ರ ಹೊತ್ತಿಗೆ ಭಟ್ಕಳ. ಮರುದಿನ 3ಕ್ಕೆ ಬಿಟ್ಟರೆ 11ಕ್ಕೆ ಕಾರವಾರ. 10–12 ಮಾರು (ಮಾರು ಎಂದರೆ ಸುಮಾರು ಆರು ಅಡಿ) ಆಳ ಹಿಡಿದು ಹೋಗಿ. ದಡದ ಕಡೆ ಸರಿದಷ್ಟೂ ಕಂತುಬಲೆ (ಕಡಲಲ್ಲಿ ಹಾಕಿಟ್ಟ ಮೀನುಬಲೆ) ಜಾಸ್ತಿ. ಮುಂದಿನ ಅಣಿಯಲ್ಲಿ, ಅಂದರೆ ಬೋಟಿನ ಮೂತಿಯಲ್ಲಿ, ಟಾರ್ಚ್ ಹಿಡಿದ ಒಬ್ಬರು ಇರಲೇಬೇಕು. ಫ್ಯಾನಿಗೆ (ಪ್ರೊಪೆಲ್ಲರ್) ಬಲೆ ಸುತ್ತಿದರೆ ತಕ್ಷಣ ಇಂಜಿನ್ ನಿಲ್ಲಿಸಿ. ಉದ್ದ ಕೋಲಿಗೆ ಕಟ್ಟಿದ ಚೂರಿಯಿಂದ ಕತ್ತರಿಸಿ.

ಅಳಿವೆಗೆ ಹೊಗುವುದು ಉಬ್ಬರದ ಕೊನೆಯ ತಾಸಿನಲ್ಲಿ. ಇಳಿತದಲ್ಲಿ ಹೊಳೆಯ ನೀರು ಹೊರಗೆ ನುಗ್ಗಿ, ಒಳಬರುವ ತೆರೆ ಅದಕ್ಕೆ ಎದುರಾಗಿ ಗೋಡೆಯಂತೆ ಏಳುತ್ತದೆ. ಹೊನ್ನಾವರದ ಶರಾವತಿ ಅಳಿವೆಯ ಮರಳದಿಣ್ಣೆಯನ್ನು, ಊರವರೊಬ್ಬರು ಚುಕ್ಕಾಣಿಯ ಹತ್ತಿರ ಇಲ್ಲದೆ ದಾಟಬೇಡಿ. ಹೊತ್ತು ತಪ್ಪಿದರೆ ಹೊರಗೇ ಲಂಗರು ಹಾಕಿ ಕಾಯಿರಿ. 5 ಮಾರು ಆಳಕ್ಕೆ 25 ಮಾರು ಹಗ್ಗ ಬಿಡಿ. ಕಡಿಮೆಯಾದರೆ ಲಂಗರು ಕಚ್ಚದೆ ಎಳೆದುಕೊಂಡು ಹೋಗುತ್ತದೆ.

ಕಾರವಾರದ ಹತ್ತಿರದ ಅಂಜುದೀವು ದ್ವೀಪದ ಸುತ್ತ ನೌಕಾನೆಲೆ, ಅದರಿಂದ ಹೊರಗೆ ದೂರವೇ ಇರಿ. ದೇವಗಡ ದ್ವೀಪದ ದೀಪಸ್ತಂಭ ಕಂಡ ಮೇಲೆ ಕಾರವಾರದ ಮೀನುಗಾರಿಕೆ ಬಂದರು ಬೈತಖೋಲಕ್ಕೆ ತಿರುಗಿ. ಧಕ್ಕೆಗೆ ಕಟ್ಟಿದ ಕೂಡಲೇ ಊಟಕ್ಕೆ ಓಡಬೇಡಿ. ಫಿಲ್ಟರ್ ಬಿಚ್ಚಿ ಎಷ್ಟು ಲೋಳೆ ಹಿಡಿದಿದೆ ನೋಡಿ, ತಳದ ನೀರಿಗೆ ಅದೇ ಕೋಲು ಇಳಿಸಿ ಗುರುತು ಹೋಲಿಸಿ, ಇಂಜಿನ್ ತಂಪಿಗೆ ಕಡಲನೀರು ಒಳಬಿಡುವ ವಾಲ್ವ್ ಮುಚ್ಚಿ, ಆಮೇಲೆ ದಡಕ್ಕೆ ಇಳಿಯಿರಿ.