ಕಿವಿ ಮೂಳೆಯ ಸಿಟಿ ಸ್ಕ್ಯಾನ್: ಸರಿಯಾಗಿ ಮಾಡಿಸಿಕೊಳ್ಳುವುದು ಹೇಗೆ?

ಹೆಚ್ಚಿನವರು ಎಡವುವುದು ಕೌಂಟರಿನಲ್ಲೇ. ಡಾಕ್ಟರ್ ಚೀಟಿ ತೋರಿಸದೆ ‘ತಲೆ ಸ್ಕ್ಯಾನ್’ ಅಂದುಬಿಡುತ್ತಾರೆ, ಮಿದುಳಿನ ಸ್ಕ್ಯಾನ್ ಆಗಿಬಿಡುತ್ತದೆ. ಅದರಲ್ಲಿ ಚಿತ್ರದ ಪದರ ಸಾಮಾನ್ಯವಾಗಿ 5 ಮಿ.ಮೀ. ದಪ್ಪ. ನಡುಕಿವಿಯ ಸ್ಟೇಪಿಸ್ ಮೂಳೆಯ ಎತ್ತರವೇ ಸುಮಾರು 3 ಮಿ.ಮೀ. ಹಾಗಿದ್ದರೆ ಅದು ಕಾಣುವುದಾದರೂ ಹೇಗೆ? ಮತ್ತೆ ಸ್ಕ್ಯಾನ್, ಮತ್ತೆ ವಿಕಿರಣ, ಮತ್ತೆ ಬಿಲ್ಲು.

ಅದಕ್ಕೇ ಮೊದಲು ಚೀಟಿಯಲ್ಲಿ ‘ಎಚ್‌ಆರ್‌ಸಿಟಿ ಟೆಂಪೊರಲ್ ಬೋನ್’ ಎಂದು ಬರೆದಿದೆಯೇ ನೋಡಿ. ಅಂದರೆ ಕಿವಿಯ ಸುತ್ತಲಿನ ಮೂಳೆಯನ್ನು ತೆಳು ಪದರಗಳಲ್ಲಿ ತೋರಿಸುವ ಸ್ಕ್ಯಾನ್. ಪದರ 1 ಮಿ.ಮೀ.ಗಿಂತ ತೆಳುವಾಗಿರಬೇಕು. ಸುಮಾರು 0.6 ಇದ್ದರೆ ಒಳ್ಳೆಯದು. ಸುಮ್ನೆ ಸಂಕೋಚಪಡಬೇಡಿ, ಕೇಳಿ.

ಓಲೆ, ಹೇರ್‌ಪಿನ್, ಹಿಯರಿಂಗ್ ಏಡ್ ತೆಗೆದಿಡಿ. ಗರ್ಭಿಣಿ ಆಗಿರಬಹುದು ಅನ್ನಿಸಿದರೆ ಮೊದಲೇ ಹೇಳಿ.

ಒಳಗೆ ಅಲುಗಾಡದೆ ಮಲಗಬೇಕು. ಕೆಲವೇ ಸೆಕೆಂಡಿನ ಕೆಲಸ, ಆದರೆ ತಲೆ ಚೂರು ಅಲುಗಿದರೂ ಸಣ್ಣ ಮೂಳೆಗಳು ಮಸುಕಾಗುತ್ತವೆ. ಪುಟ್ಟ ಮಗುವಾದರೆ ಹಾಲು ಕುಡಿಸಿ ನಿದ್ದೆ ಮಾಡಿಸಿ ಕರೆತನ್ನಿ, ಎಷ್ಟೋ ಸಲ ಅಷ್ಟೇ ಸಾಕು. ನಿದ್ದೆ ಬರಿಸುವ ಔಷಧಿ ಕೊಡುವುದಿದ್ದರೆ ಮಾತ್ರ ಹೊಟ್ಟೆ ಖಾಲಿ ಇರಬೇಕು. ಎರಡರಲ್ಲಿ ಯಾವುದು ಅಂತ ಹಿಂದಿನ ದಿನವೇ ಕೇಳಿಕೊಳ್ಳಿ.

ಇನ್ನು 3ಡಿ ಚಿತ್ರದ ವಿಷಯ. ಆ ತೆಳು ಪದರಗಳನ್ನೇ ಜೋಡಿಸಿ ಕಂಪ್ಯೂಟರ್ ತಲೆಬುರುಡೆಯನ್ನು ಬಣ್ಣದಲ್ಲಿ ತಿರುಗಿಸಿ ತೋರಿಸುತ್ತದೆ. ಪೆಟ್ಟು ಬಿದ್ದು ಬುರುಡೆ ಬಿರುಕು ಬಿಟ್ಟಿದ್ದರೆ, ಮಗುವಿನ ಬುರುಡೆಯ ಹೊಲಿಗೆಗಳು, ಅಂದರೆ ಮೂಳೆಗಳು ಕೂಡುವ ಗೆರೆಗಳು, ಬೇಗ ಮುಚ್ಚಿಕೊಂಡಿದ್ದರೆ ಇದು ತುಂಬಾ ಉಪಯೋಗ. ಆದರೆ ಮೂಳೆ ಬಹಳ ತೆಳುವಾದ ಕಡೆ, ಇಲ್ಲದ ತೂತನ್ನೂ ಇದು ತೋರಿಸಬಹುದು! ಕೊಲೆಸ್ಟಿಯಟೋಮಾದಲ್ಲಿ, ಅಂದರೆ ನಡುಕಿವಿಯಲ್ಲಿ ಚರ್ಮ ಬೆಳೆದು ಮೂಳೆ ತಿನ್ನುವ ರೋಗದಲ್ಲಿ, ಕಿವಿತಮಟೆಯ ಮೇಲಂಚಿನ ಚೂಪು ಮೂಳೆ ಸವೆದಿದೆಯೇ ಎಂದು ನೋಡಬೇಕಾದದ್ದು ಕಪ್ಪು-ಬಿಳುಪಿನ ಕೊರೊನಲ್ ಪದರದಲ್ಲಿ, ಅಂದರೆ ಮುಖಕ್ಕೆ ಸಮಾನಾಂತರವಾಗಿ ಕತ್ತರಿಸಿದಂತೆ ಕಾಣುವ ಚಿತ್ರದಲ್ಲಿ. ಸ್ಟೇಪಿಸ್ ಬಳಿ ಮೂಳೆ ಅಸಹಜವಾಗಿ ಬೆಳೆದು ಅದನ್ನು ಅಲುಗದಂತೆ ಹಿಡಿದಿಡುವ ಆಟೊಸ್ಕ್ಲೆರೋಸಿಸ್‌ನ ಸಣ್ಣ ಕಲೆಯೂ ಪದರದಲ್ಲೇ ಸಿಗುವುದು. ಹಾಗಾಗಿ ಇಂಥ ಕಿವಿ ರೋಗಗಳಿಗೆ ಬಣ್ಣದ ಪ್ರಿಂಟಿಗೆ ಬೇರೆ ದುಡ್ಡು ಕೇಳಿದರೆ ಖಂಡಿತ ಕೊಡಬೇಡಿ.

ಆ ಪ್ರಿಂಟಿನ ಬದಲು ಸಿಡಿ ಕೇಳಿ ಪಡೆಯಿರಿ, ಸ್ಕ್ಯಾನಿನ ಮೂಲ ಚಿತ್ರಗಳಾದ ಡೈಕಾಮ್ ಫೈಲ್‌ಗಳು ಅದರಲ್ಲಿರಬೇಕು. ತೆಳು ಪದರಗಳೂ ಇವೆಯೇ ಎಂದು ಅಲ್ಲೇ ಕೇಳಿ. ಎಷ್ಟೋ ಕಡೆ ದಪ್ಪ ಪದರಗಳನ್ನು ಮಾತ್ರ ಹಾಕಿಕೊಡುತ್ತಾರೆ. ಫಿಲ್ಮಿನ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ಯಾವ ಸರ್ಜನ್ನೂ ಅದನ್ನು ನಂಬಿ ಆಪರೇಷನ್ ಮಾಡಲಾರರು.

ಒಂದೇ ಕಿವಿ ಮಂದವಾಗಿ ನರದ ಗಡ್ಡೆಯ ಅನುಮಾನವಿದ್ದರೆ ಡಾಕ್ಟರ್ ಎಂಆರ್‌ಐ ಬರೆಯುತ್ತಾರೆ. ಅಲ್ಲಿ ಸಿಟಿ ಸಾಕು ಎಂದು ಹಟ ಮಾಡಬೇಡಿ.